ಸೋತಷ್ಟೂ ಬೆಳೆದ ಫರಾಜ್

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಜೇವಿಕ್ ಎಂಬ ಸಣ್ಣ ಊರಿದೆ. ಲಂಡನ್ನಿನ ಕಾರ್ಮಿಕ ಕುಟುಂಬಗಳು ಬೇಸಿಗೆಯಲ್ಲಿ ನಾಲ್ಕು ದಿನ ಸಮುದ್ರದ ಗಾಳಿ ಕುಡಿದು ಹೋಗಲೆಂದು 1930ರ ಆಸುಪಾಸಿನಲ್ಲಿ ಕಟ್ಟಿದ ಹಗುರ ಮನೆಗಳ ಊರು. ಯುದ್ಧ ಮುಗಿದ ಮೇಲೆ ಮನೆಯಿಲ್ಲದವರು ಅಲ್ಲೇ ಕಾಯಂ ಆಗಿ ಉಳಿದರು. ರಜೆಗೆಂದು ಕಟ್ಟಿದ ಗೋಡೆಗಳು ಚಳಿಗಾಲವನ್ನು ತಡೆಯಬೇಕಾಯಿತು. ಇಂಗ್ಲೆಂಡಿನ ಯಾವ ಪ್ರದೇಶ ಎಷ್ಟು ಹಿಂದುಳಿದಿದೆ ಎಂದು ಅಲ್ಲಿನ ಸರ್ಕಾರ ಕೆಲವು ವರ್ಷಗಳಿಗೊಮ್ಮೆ ಪಟ್ಟಿ ಮಾಡುತ್ತದೆ. 2010, 2015, 2019, ಈ ಮೂರೂ ಪಟ್ಟಿಗಳಲ್ಲಿ ಅತ್ಯಂತ ಹಿಂದುಳಿದ ಜಾಗ ಈ ಜೇವಿಕ್ಕೇ.

ಜೇವಿಕ್ ಸೇರಿರುವುದು ಕ್ಲ್ಯಾಕ್ಟನ್ ಸಂಸತ್ ಕ್ಷೇತ್ರಕ್ಕೆ. 2024ರ ಜುಲೈ 4ರಂದು ಈ ಕ್ಷೇತ್ರದ ಜನ 8,405 ಮತಗಳ ಅಂತರದಿಂದ ನೈಜೆಲ್ ಫರಾಜ್ ಅವರನ್ನು ಗೆಲ್ಲಿಸಿದರು. ಫರಾಜ್ ಷೇರು ದಲ್ಲಾಳಿಯ ಮಗ. ದುಬಾರಿ ಡಲ್ವಿಚ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಹಣಕಾಸು ಪೇಟೆಯಲ್ಲಿ ಲೋಹದ ವಹಿವಾಟು ನಡೆಸಿದವರು. ಸೋರುವ ಮನೆಯಲ್ಲಿರುವ ಮನುಷ್ಯ ಇಂಥವರನ್ನು ತನ್ನವರೆಂದು ಏಕೆ ಭಾವಿಸಿದ? ಬ್ರಿಟನ್ನಿನ ಜನಾಭಿಪ್ರಾಯವನ್ನು ಅರ್ಥಮಾಡಿಕೊಳ್ಳಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಅದಕ್ಕೂ ಮೊದಲು ಅವರು ಸೋತ ಕಥೆ ಹೇಳಬೇಕು. ಕನ್ಸರ್ವೇಟಿವ್ ಪಕ್ಷದಲ್ಲಿದ್ದ ಫರಾಜ್, ಯುರೋಪಿನ ಮಾಸ್ಟ್ರಿಕ್ಟ್ ಒಪ್ಪಂದವನ್ನು ವಿರೋಧಿಸಿ 1992ರಲ್ಲಿ ಹೊರಬಂದರು. 1994ರ ಈಸ್ಟ್‌ಲೀ ಉಪಚುನಾವಣೆಯಿಂದ ಮೊದಲುಗೊಂಡು ಕೆಳಮನೆಗೆ ಏಳು ಸಲ ನಿಂತರು, ಏಳು ಸಲವೂ ಸೋತರು. 2010ರಲ್ಲಿ ಸ್ಪೀಕರ್ ಜಾನ್ ಬರ್ಕೋ ಎದುರು ನಿಂತು ಮೂರನೆಯವರಾದರು. ಮತದಾನದ ದಿನವೇ ಪ್ರಚಾರದ ಪುಟ್ಟ ವಿಮಾನ ಬಿದ್ದು ಗಾಯಗೊಂಡರು. 2015ರಲ್ಲಿ ಅವರ ಯುಕೆಐಪಿ ಪಕ್ಷಕ್ಕೆ 38 ಲಕ್ಷ ಮತ ಬಿತ್ತು, ಸಿಕ್ಕ ಸೀಟು ಒಂದೇ. ಅದೂ ಅವರದಲ್ಲ. ಕ್ಲ್ಯಾಕ್ಟನ್‌ನಲ್ಲಿ ಗೆದ್ದದ್ದು ಎಂಟನೇ ಪ್ರಯತ್ನ.

ಆದರೆ ಈ ಸೋಲುಗಳ ನಡುವೆಯೇ ಅವರು ದೇಶದ ದಿಕ್ಕು ಬದಲಿಸಿಬಿಟ್ಟಿದ್ದರು. 2006ರಲ್ಲಿ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರೂನ್ ಯುಕೆಐಪಿಯವರನ್ನು ತಲೆಕೆಟ್ಟವರು, ಒಳಗೊಳಗೇ ಜನಾಂಗ ದ್ವೇಷಿಗಳು ಎಂಬರ್ಥದಲ್ಲಿ ಹೀಗಳೆದಿದ್ದರು. ಅದೇ ಕ್ಯಾಮರೂನ್ ಪ್ರಧಾನಿಯಾಗಿ 2013ರ ಜನವರಿಯಲ್ಲಿ ಯುರೋಪ್ ಒಕ್ಕೂಟದ ಬಗ್ಗೆ ಜನಮತಗಣನೆಯ ಮಾತು ಕೊಟ್ಟರು. ಸ್ವಪಕ್ಷದ ಮತಗಳು ಫರಾಜ್ ಕಡೆ ಸೋರಿ ಹೋಗುತ್ತಿವೆ ಎಂಬ ಭಯ ಅದರ ಹಿಂದಿತ್ತು. 2014ರ ಯುರೋಪ್ ಸಂಸತ್ ಚುನಾವಣೆಯಲ್ಲಿ ಯುಕೆಐಪಿ ಮೊದಲ ಸ್ಥಾನಕ್ಕೆ ಬಂತು. 2016ರ ಜೂನ್ 23ರಂದು ಶೇ 51.9ರಷ್ಟು ಮತದಾರರು ಒಕ್ಕೂಟ ಬಿಡೋಣ ಎಂದರು. ಕ್ಯಾಮರೂನ್ ಮನೆಗೆ ಹೋದರು. 2019ರ ಏಪ್ರಿಲ್‌ನಲ್ಲಿ ಫರಾಜ್ ಬ್ರೆಕ್ಸಿಟ್ ಪಕ್ಷದ ಪ್ರಚಾರ ಶುರುಮಾಡಿದರು. ಮರುತಿಂಗಳ ಯುರೋಪ್ ಚುನಾವಣೆಯಲ್ಲಿ ಅದೂ ಮೊದಲ ಸ್ಥಾನ ಪಡೆಯಿತು. ಆ ಮತದಾನದ ಮರುದಿನವೇ ಪ್ರಧಾನಿ ತೆರೆಸಾ ಮೇ ಕಣ್ಣೀರಿಡುತ್ತ ರಾಜೀನಾಮೆ ಪ್ರಕಟಿಸಿದರು. ಕೆಳಮನೆಯಲ್ಲಿ ಒಂದು ದಿನವೂ ಕೂರದ ಮನುಷ್ಯನ ನೆರಳಿಗೆ ಇಬ್ಬರು ಪ್ರಧಾನಿಗಳು ಕುರ್ಚಿ ಬಿಟ್ಟರು.

ಜನ ಅವರನ್ನು ಅಷ್ಟು ಮೆಚ್ಚುತ್ತಾರೆಯೇ? ಇಲ್ಲ. ಈ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಯೂಗವ್ ಸಂಸ್ಥೆ ವರ್ಷಗಳಿಂದ ನಡೆಸುತ್ತಿರುವ ಸಮೀಕ್ಷೆಗಳಲ್ಲಿ ಫರಾಜ್ ಬಗ್ಗೆ ಒಳ್ಳೆಯ ಅಭಿಪ್ರಾಯವಿರುವವರು ಸುಮಾರು ಮೂರನೇ ಒಂದರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚಿನವರಿಗೆ ಅವರನ್ನು ಕಂಡರಾಗದು. ಯುರೋಪ್ ಒಕ್ಕೂಟ ಬಿಟ್ಟದ್ದು ತಪ್ಪಾಯಿತು ಎನ್ನುವವರೂ ಅರ್ಧಕ್ಕಿಂತ ಹೆಚ್ಚು. ಹಾಗಿದ್ದೂ 2025ರ ಬಹುಪಾಲು ಮತದ ಒಲವಿನ ಸಮೀಕ್ಷೆಗಳಲ್ಲಿ ಮುಂದಿದ್ದದ್ದು ಅವರ ರಿಫಾರ್ಮ್ ಯುಕೆ ಪಕ್ಷ (ಹಳೆಯ ಬ್ರೆಕ್ಸಿಟ್ ಪಕ್ಷದ್ದೇ ಹೊಸ ಹೆಸರು). ಆ ವರ್ಷದ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಅದು 677 ಸೀಟುಗಳನ್ನೂ 10 ಕೌನ್ಸಿಲ್‌ಗಳನ್ನೂ ಗೆದ್ದುಕೊಂಡಿತು.

ಈ ಗಂಟನ್ನು ಬಿಡಿಸಲು ಅಲ್ಲಿನ ಚುನಾವಣಾ ಲೆಕ್ಕ ನೋಡಬೇಕು. ನಮ್ಮಲ್ಲಿರುವಂತೆಯೇ ಅಲ್ಲೂ ಕ್ಷೇತ್ರದಲ್ಲಿ ಒಂದು ಮತ ಹೆಚ್ಚು ಬಂದರೂ ಸೀಟು ಅವರದೇ. 2018ರಲ್ಲಿ ಕರ್ನಾಟಕದಲ್ಲಿ ಹೆಚ್ಚು ಮತ ಪಡೆದದ್ದು ಕಾಂಗ್ರೆಸ್, 104 ಸೀಟು ಪಡೆದು ದೊಡ್ಡ ಪಕ್ಷವಾದದ್ದು ಬಿಜೆಪಿ ಎಂಬುದು ಓದುಗರಿಗೆ ನೆನಪಿರಬಹುದು. 2024ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ ಶೇ 33.7 ಮತಗಳಿಗೆ 411 ಸೀಟು ಗಳಿಸಿತು. ರಿಫಾರ್ಮ್‌ಗೆ ಶೇ 14.3 ಮತ ಬಂದರೂ ದಕ್ಕಿದ್ದು 5 ಸೀಟು. ವಿರೋಧಿಗಳ ಮತ ನಾಲ್ಕೈದು ಕಡೆ ಹಂಚಿಹೋದರೆ, ಮೂರರಲ್ಲಿ ಇಬ್ಬರಿಗೆ ಬೇಡವಾದ ಮನುಷ್ಯನೂ ದೇಶ ಆಳಬಹುದು. ಮೊನ್ನೆ ಮೊನ್ನೆಯವರೆಗೆ ಈ ಲೆಕ್ಕ ಫರಾಜ್ ಅವರನ್ನು ಹೊರಗಿಟ್ಟಿತ್ತು. ಮತಪ್ರಮಾಣ ಶೇ 30ರ ಹತ್ತಿರ ಹೋದರೆ ಅದೇ ಲೆಕ್ಕ ಅವರನ್ನು ಹೊತ್ತು ಮೆರೆಸುತ್ತದೆ.

ಆದರೂ ಬರೀ ಗಣಿತದಿಂದ ಡರಮ್ ಜಿಲ್ಲೆಯನ್ನು ವಿವರಿಸಲಾಗದು. ಕಲ್ಲಿದ್ದಲು ಗಣಿ ಕಾರ್ಮಿಕರ ನಾಡು ಅದು, ತಲೆಮಾರುಗಳ ಕಾಲ ಲೇಬರ್ ಪಕ್ಷದ ಭದ್ರಕೋಟೆಯಾಗಿತ್ತು. 2025ರ ಆ ಮೇ ಚುನಾವಣೆಯಲ್ಲಿ ಅಲ್ಲಿನ ಕೌನ್ಸಿಲ್‌ನ 98 ಸೀಟುಗಳಲ್ಲಿ 65 ರಿಫಾರ್ಮ್ ಪಾಲಾದವು. ಗಣಿಗಳು ಮುಚ್ಚಿ ದಶಕಗಳೇ ಕಳೆದಿವೆ. 2008ರ ಆರ್ಥಿಕ ಕುಸಿತದ ನಂತರ ಕೂಲಿ-ಸಂಬಳ ಏರಿದ್ದು ಹೆಸರಿಗಷ್ಟೆ. ಸರ್ಕಾರಿ ಆಸ್ಪತ್ರೆಗಳ ಕಾಯುವ ಪಟ್ಟಿಯಲ್ಲಿ 2025ರಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರಕರಣಗಳಿದ್ದವು. ಮಂಡಿ ಶಸ್ತ್ರಚಿಕಿತ್ಸೆಗೆ ವರ್ಷಗಟ್ಟಲೆ ಕಾದ ಅಜ್ಜ, ಮಗಳಿಗೆ ಕೌನ್ಸಿಲ್ ಮನೆ ಸಿಗದ ತಾಯಿ, ಇವರ ಸಿಟ್ಟನ್ನು ಜನಾಂಗ ದ್ವೇಷ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ತಪ್ಪು ಮತ್ತು ಅಪಾಯ.

ಆ ಸಿಟ್ಟಿಗೆ ಫರಾಜ್ ಒಂದು ಕಾರಣ ತೋರಿಸಿದರು: ಹೊರಗಿನಿಂದ ಬಂದವರು. ಅಧಿಕಾರದಲ್ಲಿದ್ದವರು ಅವರಿಗೆ ಪುರಾವೆ ಒದಗಿಸುತ್ತಲೇ ಹೋದರು. ವರ್ಷದ ನಿವ್ವಳ ವಲಸೆಯನ್ನು ಒಂದು ಲಕ್ಷಕ್ಕಿಂತ ಕೆಳಗಿಳಿಸುತ್ತೇವೆ ಎಂದು ಕನ್ಸರ್ವೇಟಿವ್ ಪಕ್ಷ 2010ರಿಂದ ಹೇಳುತ್ತ ಬಂತು. 2023ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಅದು 9 ಲಕ್ಷ ಮುಟ್ಟಿತ್ತು. ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದವರು 2022ರಲ್ಲಿ 45 ಸಾವಿರ ದಾಟಿದರು; ಆಶ್ರಯ ಕೋರಿದವರನ್ನು ಹೋಟೆಲುಗಳಲ್ಲಿ ಇರಿಸಲಾಯಿತು. ಕೊಟ್ಟ ಮಾತು ಸಲಸಲವೂ ಸುಳ್ಳಾದಾಗ ಜನ ಮಾತು ಕೊಟ್ಟವರನ್ನು ನಂಬುವುದು ಬಿಟ್ಟರು. ಇಷ್ಟು ನಿಜ. ಆಸ್ಪತ್ರೆಯ ಸಾಲು ಉದ್ದವಾದದ್ದು ನರ್ಸ್ ಕೇರಳದಿಂದಲೋ ಮಂಗಳೂರಿನಿಂದಲೋ ಬಂದದ್ದಕ್ಕೆ ಎನ್ನುವುದು ಮಾತ್ರ ನಿಜವಲ್ಲ. ಆಕೆ ಬಾರದಿದ್ದರೆ ಆ ಸಾಲು ಇನ್ನೂ ಉದ್ದವಾಗುತ್ತಿತ್ತು. ನೋವು ನಿಜವೇ, ತೋರಿಸಿದ ಬೆರಳು ತಪ್ಪು ಕಡೆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ನಾಯಕನ ಪ್ರಭಾವವನ್ನು ಸೀಟುಗಳಲ್ಲಿ ಅಳೆದರೆ ಸಾಲದು. ಎದುರಾಳಿಗಳ ಬಾಯಲ್ಲಿ ಯಾರ ಮಾತು ಬರುತ್ತಿದೆ ಎಂದು ಕಿವಿಗೊಡಬೇಕು. 2025ರ ಮೇ 12ರಂದು ಲೇಬರ್ ಪ್ರಧಾನಿ ಕೀರ್ ಸ್ಟಾರ್ಮರ್ ವಲಸೆ ನೀತಿ ಪ್ರಕಟಿಸುತ್ತ, ಬ್ರಿಟನ್ ಅಪರಿಚಿತರ ದ್ವೀಪವಾಗುವ ಅಪಾಯವಿದೆ ಎಂದರು. ಕೇಳಿದವರಿಗೆ ತಟ್ಟನೆ ನೆನಪಾದದ್ದು ಇನಾಕ್ ಪೊವೆಲ್. ಕನ್ಸರ್ವೇಟಿವ್ ಸಂಸದ ಪೊವೆಲ್ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು-ಕಂದು ಬಣ್ಣದ ವಲಸಿಗರ ವಿರುದ್ಧ ರಕ್ತದ ನದಿಯ ರೂಪಕ ಬಳಸಿ ಭಾಷಣ ಮಾಡಿದ್ದರು. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ನೆರಳು ಸಂಪುಟದಿಂದ ಕಿತ್ತುಹಾಕಿದರು. ಆದರೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 74ರಷ್ಟು ಜನ ಪೊವೆಲ್ ಮಾತನ್ನು ಒಪ್ಪಿದ್ದರು; ಲಂಡನ್ನಿನ ಬಂದರು ಕಾರ್ಮಿಕರು ಅವರ ಪರ ಮೆರವಣಿಗೆ ಹೊರಟಿದ್ದರು. ಅಷ್ಟು ಜನಬೆಂಬಲದ ಎದುರೂ ಹೀತ್ ಬಗ್ಗಲಿಲ್ಲ. ನಾಲ್ಕು ವರ್ಷಗಳ ನಂತರ ಇದಿ ಅಮೀನ್ ಉಗಾಂಡದಿಂದ ಏಷ್ಯಾ ಮೂಲದವರನ್ನು ಓಡಿಸಿದಾಗ, ಪ್ರಧಾನಿಯಾಗಿದ್ದ ಇದೇ ಹೀತ್ 27 ಸಾವಿರಕ್ಕೂ ಹೆಚ್ಚು ಮಂದಿಗೆ ಬಾಗಿಲು ತೆರೆದರು. ಜನಾಭಿಪ್ರಾಯದ ಎದುರು ನಾಯಕನೊಬ್ಬ ಹೇಗೆ ನಿಲ್ಲಬಹುದು ಎಂಬುದಕ್ಕೆ ಬ್ರಿಟನ್ನಿನ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಸ್ಟಾರ್ಮರ್ ತಮ್ಮ ಮಾತಿಗೆ ಆರೇಳು ವಾರಗಳ ನಂತರ ವಿಷಾದಿಸಿದರು. ಆ ಹೊತ್ತಿಗೆ ಆ ಮಾತು ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು.

ಎಲ್ಲರೂ ಅದೇ ಧಾಟಿಯಲ್ಲಿ ಮಾತಾಡುತ್ತಿಲ್ಲ ಎಂಬುದನ್ನೂ ಹೇಳಬೇಕು. 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟ್‌ನಲ್ಲಿ ಮೂವರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ದೋಣಿಯಲ್ಲಿ ಬಂದವನು ಎಂಬ ಸುಳ್ಳು ಹಬ್ಬಿ, ಗುಂಪುಗಳು ಅಲ್ಲಿನ ಮಸೀದಿಯ ಮೇಲೂ ಬೇರೆಡೆ ಆಶ್ರಯ ಕೋರಿದವರಿದ್ದ ಹೋಟೆಲುಗಳ ಮೇಲೂ ದಾಳಿ ಮಾಡಿದವು. ನಿಜ ಮುಚ್ಚಿಡಲಾಗುತ್ತಿದೆಯೇ ಎಂದು ಫರಾಜ್ ಹಾಕಿದ ವಿಡಿಯೊಗೆ ತೀವ್ರ ಟೀಕೆ ಬಂತು. ಮಸೀದಿ ದಾಳಿಯ ಮರುದಿನ ಬೆಳಿಗ್ಗೆ ಅದೇ ಸೌತ್‌ಪೋರ್ಟ್‌ನ ಜನ ಪೊರಕೆ, ಕರಣೆ ಹಿಡಿದು ಬಂದು ಮಸೀದಿಯ ಒಡೆದ ಗೋಡೆ ಕಟ್ಟಿಕೊಟ್ಟರು. ಅದೂ ಜನಾಭಿಪ್ರಾಯವೇ.

ಇನ್ನು ನಮ್ಮವರ ಮಾತು. 2015ರಲ್ಲಿ ಇದೇ ಫರಾಜ್, ಪೂರ್ವ ಯುರೋಪಿನವರಿಗಿಂತ ಭಾರತ, ಆಸ್ಟ್ರೇಲಿಯಾಗಳಿಂದ ಬರುವವರ ಕಡೆಗೇ ತಮ್ಮ ಒಲವು ಎಂದಿದ್ದರು. ಇಂಗ್ಲಿಷ್ ಬಲ್ಲವರು, ಕಾನೂನು ತಿಳಿದವರು ಎಂಬ ಕಾರಣ ಕೊಟ್ಟಿದ್ದರು. ಬ್ರೆಕ್ಸಿಟ್ ಆದರೆ ಪೋಲೆಂಡಿನವರ ಬದಲು ನಮಗೆ ವೀಸಾ ಸುಲಭವಾದೀತು ಎಂದು ನಂಬಿ ಅದರ ಪರ ಮತ ಹಾಕಿದ ಭಾರತೀಯ ಮೂಲದವರು ಕಡಿಮೆಯಿರಲಿಲ್ಲ. ವೀಸಾ ಸುಲಭವಾದದ್ದೂ ನಿಜ. ಬ್ರೆಕ್ಸಿಟ್ ನಂತರದ ವಲಸೆಯಲ್ಲಿ ಭಾರತೀಯರೇ ಅತಿ ದೊಡ್ಡ ಗುಂಪಾದರು. ಈಗ ಅದೇ ಜನ ಗುರಿಯಾಗಿದ್ದಾರೆ. ದೇಶದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕನ್ನೇ ರದ್ದುಮಾಡಿ, ಐದೈದು ವರ್ಷಕ್ಕೊಮ್ಮೆ ನವೀಕರಿಸುವ ವೀಸಾ ತರುತ್ತೇವೆ ಎಂದು 2025ರ ಸೆಪ್ಟೆಂಬರ್ 22ರಂದು ರಿಫಾರ್ಮ್ ಪ್ರಕಟಿಸಿತು. ಈಗಾಗಲೇ ಆ ಹಕ್ಕು ಪಡೆದವರಿಗೂ ಅದು ಅನ್ವಯ. ಸ್ಟಾರ್ಮರ್ ಇದನ್ನು ಜನಾಂಗ ದ್ವೇಷದ ನೀತಿ ಎಂದರು. ಅವರದೇ ಸರ್ಕಾರ ಕಾಯಂ ವಾಸಕ್ಕೆ ಕಾಯಬೇಕಾದ ಅವಧಿಯನ್ನು 5 ವರ್ಷದಿಂದ 10ಕ್ಕೆ ಏರಿಸುವ ಪ್ರಸ್ತಾವವನ್ನು ಮೇ ತಿಂಗಳಲ್ಲೇ ಮುಂದಿಟ್ಟಿತ್ತು. ಬೆಂಗಳೂರಿನಿಂದ ಹೋಗಿ ಸಾಲ ಮಾಡಿ ಮನೆ ಕೊಂಡು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿದ ಐಟಿ ದಂಪತಿಗೆ ಈ ಎರಡು ಘೋಷಣೆಗಳ ನಡುವಿನ ವ್ಯತ್ಯಾಸ ಪ್ರಮಾಣದ್ದು ಅಷ್ಟೆ.

ಅಲ್ಲಿ ಹುಟ್ಟಿ, ಅಲ್ಲಿ ಓದಿ, ಪ್ರಧಾನಿಯೇ ಆದರೂ ಹೊರಗಿನವರೆಂಬ ಅನುಮಾನದಿಂದ ಬಿಡುಗಡೆಯಿಲ್ಲ. ಬೆಂಗಳೂರಿನ ಅಳಿಯ ರಿಷಿ ಸುನಕ್ 2024ರ ಜೂನ್‌ನಲ್ಲಿ ನಾರ್ಮಂಡಿಯ ಯುದ್ಧ ಸ್ಮರಣೆಯಿಂದ ಬೇಗ ಹಿಂತಿರುಗಿದ್ದು ತಪ್ಪೇ, ಅವರು ಕ್ಷಮೆ ಕೇಳಿದರು. ಆಗ ಫರಾಜ್ ಆಡಿದ ಮಾತಿನ ತಿರುಳು, ಸುನಕ್‌ಗೆ ನಮ್ಮ ಸಂಸ್ಕೃತಿ ಗೊತ್ತಿಲ್ಲ ಎಂಬುದು. ತಾವು ಹೇಳಿದ್ದು ಶ್ರೀಮಂತಿಕೆಯ ಬಗ್ಗೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಅದೇ ತಿಂಗಳು ಕ್ಲ್ಯಾಕ್ಟನ್‌ನಲ್ಲಿ ರಿಫಾರ್ಮ್ ಪರ ಪ್ರಚಾರಕ್ಕೆ ಬಂದವನೊಬ್ಬ ಸುನಕ್ ಅವರನ್ನು ಹೀನ ಜನಾಂಗೀಯ ಬೈಗುಳದಿಂದ ಕರೆದದ್ದು ಟಿವಿಯ ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಫರಾಜ್ ಆ ಮಾತಿನಿಂದ ದೂರ ಸರಿದರು. ತನ್ನ ಇಬ್ಬರು ಹೆಣ್ಣುಮಕ್ಕಳು ಇದನ್ನು ಕೇಳಬೇಕಾಯಿತಲ್ಲ ಎಂದು ಸುನಕ್ ನೊಂದುಕೊಂಡರು.

ಇದನ್ನು ಓದುತ್ತಿರುವವರ ಮಗನೋ ಸೊಸೆಯೋ ಬ್ರಿಟನ್ನಿನಲ್ಲಿದ್ದರೆ, ಮುಂದಿನ ಸಲ ಫೋನಿನಲ್ಲಿ ಒಂದು ಮಾತು ತಿಳಿಸಿ. ಅಲ್ಲಿ ವೀಸಾ ಪಡೆದು ವಾಸವಾಗಿರುವ ಭಾರತೀಯ ಪ್ರಜೆಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕುವ ಹಕ್ಕಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್ ಒಳಗೆ ನಡೆಯಲೇಬೇಕು. ಯಾರಿಗೆ ಹಾಕಬೇಕು ಎಂಬುದು ಅವರವರ ಇಷ್ಟ. ಹೆಸರು ಮಾತ್ರ ನೋಂದಾಯಿಸಿಕೊಳ್ಳಲಿ. 2025ರ ಮೇ 1ರಂದು ರಂಕಾರ್ನ್ ಆ್ಯಂಡ್ ಹೆಲ್ಸ್‌ಬಿ ಕ್ಷೇತ್ರದ ಉಪಚುನಾವಣೆಯಲ್ಲಿ ಫರಾಜ್ ಪಕ್ಷಕ್ಕೆ ಬಿದ್ದದ್ದು 12,645 ಮತ, ಲೇಬರ್‌ಗೆ 12,639. ಅಂತರ ಆರು.