ಗಣಕಯಂತ್ರದೊಳಗೊಂದು ಬೀಗ

ಬೀಗ ಕೊಳ್ಳುವವರು ಬೀಗದಕೈ ಎಲ್ಲಿಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕಾಸರಗೋಡಿನ ನಮ್ಮ ಮನೆಯಲ್ಲಿ ಈ ವಿವೇಕ ಮೂಡಿದ್ದು ಅರ್ಧ ದಿನದ ತಳಮಳದ ಬಳಿಕ.

ಅಜ್ಜನವರ ಕಾಲದ ನಮ್ಮ ಆಸ್ತಿಪತ್ರಗಳೆಲ್ಲ ಕನ್ನಡದಲ್ಲಿವೆ. 1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ದಿನಗಳ ಕಾಗದಗಳವು. ಅವುಗಳ ಪ್ರತಿಬಿಂಬಗಳನ್ನು ಮನೆಯ ಗಣಕಯಂತ್ರದಲ್ಲಿ ಸಂಗ್ರಹಿಸಿದ್ದೆವು. ಮೂಲಪತ್ರಗಳಲ್ಲಿ ಕೆಲವು ಆ ಬಳಿಕ ಗೆದ್ದಲಿನ ಪಾಲಾದವು. ಹೀಗಿರುವಾಗ, 'ವಿಂಡೋಸ್ 11' ಬೇಕಾದರೆ ಟಿಪಿಎಂ ಕಾರ್ಡು ಅವಶ್ಯವೆಂದು ಬಲ್ಲವರೊಬ್ಬರು ಹೇಳಿದರು. ತರಿಸಿ ಜೋಡಿಸಿದೆವು.

ಟಿಪಿಎಂ ಎಂಬುದು ಗುಪ್ತಸಂಕೇತಗಳನ್ನು ಕಾಯುವ ಪುಟ್ಟ ಚಿಪ್ಪು. ಯಂತ್ರ ಚಾಲನೆಗೊಳ್ಳುವಾಗ ಪ್ರತಿ ಹಂತದ ತಂತ್ರಾಂಶದ ಗುರುತು ಅದರಲ್ಲಿ ದಾಖಲಾಗುತ್ತದೆ. ಗುರುತುಗಳು ಹಿಂದಿನಂತೆಯೇ ಇದ್ದರೆ ಮಾತ್ರ ಅದು ಕಡತಗಳ ಬೀಗ ತೆರೆಯಲು ಒಪ್ಪುತ್ತದೆ. 2021ರಲ್ಲಿ ಬಂದ ವಿಂಡೋಸ್ 11 ಇದರ 2.0 ಆವೃತ್ತಿಯನ್ನು ಕಡ್ಡಾಯಗೊಳಿಸಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಾಗ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎದ್ದಿತು.

ಕಾರ್ಡು ಹಾಕಿದ ಮರುಕ್ಷಣ ನಮ್ಮ ಯಂತ್ರ 48 ಅಂಕಿಗಳ ಸಂಖ್ಯೆಯೊಂದನ್ನು ಕೇಳಿತು! ನಮ್ಮ ಯಂತ್ರದೊಳಗೆ ಟಿಪಿಎಂ ಮೊದಲೇ ಇತ್ತೆಂದೂ, 'ಬಿಟ್‌ಲಾಕರ್' ಅದನ್ನೇ ನಂಬಿ ಕಡತಗಳಿಗೆ ಬೀಗ ಹಾಕಿತ್ತೆಂದೂ ಆಗಷ್ಟೇ ತಿಳಿಯಿತು. ಹೊಸ ಕಾರ್ಡಿಗೆ ಹಳೆಯ ಗುಟ್ಟು ತಿಳಿಯದು. ಮನೆಯೆಲ್ಲ ಜಾಲಾಡಿದಾಗ, ಸೊಸೆ ಎಂದೋ ಬರೆದಿಟ್ಟ ಆ ಸಂಖ್ಯೆ ಹಳೆಯ ಪಂಚಾಂಗವೊಂದರ ನಡುವೆ ಸಿಕ್ಕಿತು. ಅಜ್ಜನ ಪತ್ರಗಳು ಉಳಿದವು.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ: ಕೊಳ್ಳುವ ಮೊದಲು ವಿಂಡೋಸ್ ಗುಂಡಿಯೊಡನೆ 'ಆರ್' ಒತ್ತಿ, 'ಟಿಪಿಎಂ ಡಾಟ್ ಎಂಎಸ್‌ಸಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿರಿ. 2.0 ಎಂದು ಕಂಡರೆ ಕಾರ್ಡು ಬೇಡ. ಕಾಣದಿದ್ದರೂ ಆತುರ ಸಲ್ಲದು. ಈಚಿನ ಇಂಟೆಲ್ ಯಂತ್ರಗಳಲ್ಲಿ 'ಪಿಟಿಟಿ', ಎಎಂಡಿ ಯಂತ್ರಗಳಲ್ಲಿ 'ಎಫ್‌ಟಿಪಿಎಂ' ಎಂಬ ಹೆಸರಿನಲ್ಲಿ ಅದು ಅಡಗಿರುವುದುಂಟು. ಬಯಾಸ್‌ನಲ್ಲಿ ಅದನ್ನು ಚಾಲೂ ಮಾಡಿದರೆ ಸಾಕು.

ಕಾರ್ಡೇ ಬೇಕಾದರೆ, ಮದರ್‌ಬೋರ್ಡಿನ ಕೈಪಿಡಿ ನೋಡಿ ಅದಕ್ಕೊಪ್ಪುವುದನ್ನೇ ತರಿಸಿರಿ. 12, 14, 20 ಪಿನ್ನುಗಳೆಂಬ ಭೇದಗಳಿವೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂಡದು. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ, ಬಿಟ್‌ಲಾಕರ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿ ಕಳಚಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿರಿ. ಪಿನ್ನಿಲ್ಲದ ಜಾಗವನ್ನು ಕಾರ್ಡಿನ ಮುಚ್ಚಿದ ತೂತಿಗೆ ಹೊಂದಿಸಿ ನೇರವಾಗಿ ಒತ್ತಬೇಕು, ಬಲಪ್ರಯೋಗ ಸಲ್ಲದು. ಬಳಿಕ ಬಯಾಸ್‌ನ ಭದ್ರತಾ ವಿಭಾಗದಲ್ಲಿ ಅದನ್ನು ಆಯ್ದು ಉಳಿಸಬೇಕು. 'ಕ್ಲಿಯರ್' ಎಂಬುದನ್ನು ಅರಿಯದೆ ಒತ್ತಬಾರದು. ಚಿಪ್ಪಿನಲ್ಲಿರುವ ಸಂಕೇತಗಳು ಅಳಿದುಹೋಗುತ್ತವೆ.

ಬಿಟ್‌ಲಾಕರ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, ಮನೆಯ ಇಬ್ಬರಿಗಾದರೂ ಅದು ಇರುವ ಸ್ಥಳವನ್ನು ತಿಳಿಸಿಡಿರಿ. ನಮ್ಮದೀಗ ಪಂಚಾಂಗದಲ್ಲಿಲ್ಲ, ಆಸ್ತಿಪತ್ರಗಳ ಪೆಟ್ಟಿಗೆಯಲ್ಲಿದೆ.