ಗಟ್ಟಿ ಉಕ್ಕಿಗೆ ಮೆತ್ತನೆಯ ಸಾಣೆ

ಇಂಡಿ ತಾಲ್ಲೂಕಿನ ತಾಂಬಾದಂಥ ಊರಿನಲ್ಲಿ ವೆಲ್ಡಿಂಗ್ ಅಂಗಡಿಯ ಡ್ರಿಲ್ ಬಿಟ್, ಬಡಿಗೇರರ ಉಳಿ, ಲೇತಿನ ಟೂಲ್ ಯಾವುದು ಮೊಂಡಾದರೂ ಹೋಗುವುದು ಒಂದೇ ಕಡೆಗೆ, ಮೇಜಿಗೆ ಬಿಗಿದ ಗ್ರೈಂಡರಿನ ಬೂದು ಕಲ್ಲಿಗೆ. ಯಂತ್ರದ ಜೊತೆಗೇ ಬಂದ ಕಲ್ಲು ಅದು, ಯಾರೂ ಆರಿಸಿ ತಂದದ್ದಲ್ಲ. ವರ್ಷಗಟ್ಟಲೆ ಸವೆಯದೆ ನಿಂತರೆ ‘ಕಲ್ಲು ಚಲೋ ಐತಿ’ ಎಂಬ ಹೊಗಳಿಕೆ ಬೇರೆ. ಹದಗೊಳಿಸಿದ ಉಕ್ಕಿನ ಮಟ್ಟಿಗೆ ಈ ಹೊಗಳಿಕೆ ಪೂರಾ ತಲೆಕೆಳಗು. ಅಲ್ಲಿ ಬೇಕಾದದ್ದು ಸವೆಯುವ ಕಲ್ಲು.

ಸಾಣೆಕಲ್ಲಿನಲ್ಲಿರುವುದು ಎರಡು: ಕೊರೆಯುವ ಹರಳು, ಹರಳುಗಳನ್ನು ಹಿಡಿದಿಡುವ ಅಂಟು. ಮೆತ್ತನೆಯ ಕಲ್ಲು ಎಂದಾಗ ಹರಳು ಮೆತ್ತಗೆ ಎಂದಲ್ಲ, ಅಂಟಿನ ಹಿಡಿತ ಸಡಿಲ ಎಂದು. ಗಟ್ಟಿ ಉಕ್ಕು ತಾಗಿದರೆ ಹರಳಿನ ಮೊನೆ ಬೇಗ ಮೊಂಡಾಗುತ್ತದೆ. ಹಿಡಿತ ಸಡಿಲವಿದ್ದರೆ ಮೊಂಡು ಹರಳು ಉದುರಿ, ಹಿಂದಿನ ಚೂಪು ಹರಳು ಮುಂದೆ ಬರುತ್ತದೆ. ಬಿಗಿಯಾಗಿದ್ದರೆ ಮೊಂಡು ಹರಳು ಅಲ್ಲೇ ಕೂತು ಕೊರೆಯುವ ಬದಲು ಉಜ್ಜತೊಡಗುತ್ತದೆ. ಕಲ್ಲಿನ ಮುಖ ನುಣ್ಣಗಾಗಿ ಹೊಳೆಯುತ್ತದೆ, ಉಜ್ಜಿದ ಬಿಸಿಯೆಲ್ಲ ಉಳಿಯ ಬಾಯಿಗೆ ಇಳಿಯುತ್ತದೆ. ಬಾಯಂಚು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿಯಾಗುತ್ತದೆ. ಸಾದಾ ಕಾರ್ಬನ್ ಉಕ್ಕು ನೀಲಿಯಾಯಿತೆಂದರೆ ಬಿಸಿ ಹತ್ತಿರ ಹತ್ತಿರ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಆ ಜಾಗದ ಹದ ಹೋಗಿದೆ ಎಂದೇ ಅರ್ಥ.

ಆರಿಸುವುದಕ್ಕೆ ಬೇಕಾದ ಮಾಹಿತಿ ಕಲ್ಲಿನ ಮೇಲಿನ ಚೀಟಿಯಲ್ಲೇ ಅಚ್ಚಾಗಿರುತ್ತದೆ. ‘ಎ 60 ಕೆ 5 ವಿ’ ಎಂದಿದ್ದರೆ ಎ ಎಂದರೆ ಅಲ್ಯುಮಿನಿಯಂ ಆಕ್ಸೈಡ್ ಹರಳು, 60 ಹರಳಿನ ಗಾತ್ರ, ಕೆ ಹಿಡಿತದ ಬಿಗಿ, 5 ಹರಳುಗಳ ನಡುವಿನ ಸಂದು, ವಿ ಮಣ್ಣು ಸುಟ್ಟು ಮಾಡಿದ ಅಂಟು. ಬಿಗಿಯ ಅಕ್ಷರ ಎ ಕಡೆಗೆ ಹೋದಷ್ಟೂ ಮೆತ್ತಗೆ, ಜೆಡ್ ಕಡೆಗೆ ಹೋದಷ್ಟೂ ಗಟ್ಟಿ. ಹದದ ಉಕ್ಕಿಗೆ ಎಚ್‌ನಿಂದ ಕೆ ತನಕ, ಬಿಳಿಯ ಅಲ್ಯುಮಿನಿಯಂ ಆಕ್ಸೈಡ್, 60 ಅಥವಾ 80ರ ಹರಳು ಹೊಂದುತ್ತದೆ. ಹಸಿರು ಕಲ್ಲು ಇನ್ನೂ ಗಟ್ಟಿ ಹರಳಿನದಲ್ಲವೇ ಎನ್ನಬಹುದು. ಹೌದು, 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಂಡುಹಿಡಿದ ಸಿಲಿಕಾನ್ ಕಾರ್ಬೈಡ್ ಅದು. ಆದರೆ ಕಾದ ಕಬ್ಬಿಣದೊಂದಿಗೆ ರಾಸಾಯನಿಕವಾಗಿ ಬೆರೆತು ಬೇಗ ಮೊಂಡಾಗುವುದೇ ಅದರ ಗುಣ. ಕಾರ್ಬೈಡ್ ತುದಿಯ ಟೂಲುಗಳಿಗೆ ಅದು ಸರಿ, ಉಕ್ಕಿಗಲ್ಲ.

ಬೇಗ ಸವೆಯುವ ಕಲ್ಲಿಗೆ ದುಡ್ಡು ಸುರಿಯುವುದು ದಂಡ ಎಂಬುದು ಅಂಗಡಿಯವರ ಮೊದಲ ಆಕ್ಷೇಪ. ಲೆಕ್ಕವನ್ನು ಕಲ್ಲಿನ ಮೇಲೆ ಹಾಕಿದರೆ ಹಾಗೆಯೇ ಕಾಣುತ್ತದೆ. ಆದರೆ ನೀಲಿಗಟ್ಟಿದ ಉಳಿಯನ್ನು ಒಳ್ಳೆಯ ಉಕ್ಕು ಸಿಗುವ ತನಕ ತೇಯಲೇಬೇಕು; ಹಾಗೆ ತೇಯ್ದು ಹೋಗುವುದು ಉಳಿಯ ಆಯಸ್ಸು. ಗಟ್ಟಿ ಕಲ್ಲನ್ನೇ ಆಗಾಗ ಡ್ರೆಸ್ಸರ್ ಎಂಬ ಕೆರೆಯುವ ಸಾಧನ ಹಿಡಿದು ಕೆರೆದರಾಯಿತಲ್ಲ ಎಂದರೆ, ಕೆರೆದ ಮುಖ ಸ್ವಲ್ಪ ಹೊತ್ತು ಕೊರೆದು ಮತ್ತೆ ಹೊಳಪೇರುತ್ತದೆ. ಇನ್ನು ಹಳೆಯ ಕಂಬಾರರು ಯಾವ ಕಲ್ಲಿನ ಮೇಲಾದರೂ ಹಗುರ ಕೈಯಿಂದ, ನೀರಲ್ಲಿ ಅದ್ದಿ ಅದ್ದಿ ಸಾಣೆ ಹಿಡಿಯಬಲ್ಲರು ಎಂಬ ಮಾತು. ಇದು ತೂಕದ ಮಾತೇ. ಆದರೆ ಅವರ ಕೈಯಲ್ಲಿದ್ದದ್ದು ಲಾರಿಯ ಕಮಾನು ಪಟ್ಟಿಯಂಥ ಉಕ್ಕು. ಹದ ಕೆಟ್ಟರೆ ಕುಲುಮೆಗೆ ಹಾಕಿ ಮತ್ತೆ ಹದ ಕೊಡಬಹುದಿತ್ತು. ಈಗಿನ ಒಳ್ಳೆಯ ಡ್ರಿಲ್ ಬಿಟ್ ಹೈಸ್ಪೀಡ್ ಸ್ಟೀಲಿನದು. ಅದು ಸುಮಾರು 600 ಡಿಗ್ರಿವರೆಗೂ ಹದ ಬಿಡುವುದಿಲ್ಲ, ಆದರೆ ಕಾದದ್ದನ್ನು ಥಟ್ಟನೆ ನೀರಿಗದ್ದಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಕೆಟ್ಟ ಹದವನ್ನು ಮರಳಿ ಕೊಡಲು 1,200 ಡಿಗ್ರಿ ಆಸುಪಾಸಿನ ಅಳತೆಯ ಬಿಸಿ ಬೇಕು. ಊರಿನ ಕುಲುಮೆಯಲ್ಲಿ ಅದು ಆಗದ ಕೆಲಸ.

ಹಾಗೆಂದು ಬೂದು ಕಲ್ಲನ್ನು ಎಸೆಯಬೇಕಿಲ್ಲ. ಗ್ರೈಂಡರಿಗೆ ಎರಡು ಬದಿ ಇವೆ: ಬೆಸುಗೆ ಕೆರೆಯಲು, ಸಾದಾ ಕಬ್ಬಿಣ ತೇಯಲು ಒಂದು ಬದಿಗೆ ಬೂದು, ಉಳಿ–ಬಿಟ್ಟುಗಳಿಗೆ ಇನ್ನೊಂದು ಬದಿಗೆ ಬಿಳಿ. ಹೊಸ ಕಲ್ಲನ್ನು ಏರಿಸುವ ಮುನ್ನ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಖಣ್ಣೆನ್ನದೆ ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ, ಅದನ್ನು ಅಂಗಡಿಗೇ ಹಿಂದಿರುಗಿಸಿ. ಚೀಟಿಯಲ್ಲಿನ ಗರಿಷ್ಠ ವೇಗವನ್ನೂ ಯಂತ್ರದ ವೇಗವನ್ನೂ ತಾಳೆ ನೋಡಿ. ನಿಮಿಷಕ್ಕೆ 2,800 ಸುತ್ತು ತಿರುಗುವ 200 ಮಿಲಿಮೀಟರಿನ ಕಲ್ಲಿನ ಅಂಚು ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿರುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಸ್ವಿಚ್ ಒತ್ತಬೇಡಿ.