ಬ್ಯಾಟರಿ ಕನೆಕ್ಟರ್ ಆಯ್ಕೆ: ಕಿರು ಬಿಡಿಭಾಗ, ಹಿರಿದಾದ ಹೊಣೆ

ಹವ್ಯಾಸಕ್ಕಾಗಿ ಬಳಸುವ ರೇಡಿಯೋ ನಿಯಂತ್ರಿತ ಕಾರು, ದೋಣಿ ಹಾಗೂ ವಿಮಾನಗಳ ವ್ಯಾಪಾರದಲ್ಲಿ ತೊಡಗಿರುವವರು ಮೋಟಾರು, ಬ್ಯಾಟರಿ, ಚಾರ್ಜರ್ ಮುಂತಾದವುಗಳ ಖರೀದಿಯಲ್ಲಿ ಸಾಕಷ್ಟು ಎಚ್ಚರ ವಹಿಸುತ್ತಾರೆ. ಆದರೆ ಬ್ಯಾಟರಿಯನ್ನು ವಾಹನಕ್ಕೆ ಜೋಡಿಸುವ ಕನೆಕ್ಟರಿನ ವಿಷಯಕ್ಕೆ ಬಂದಾಗ, ಸರಬರಾಜುದಾರರು ಕಳುಹಿಸಿದ್ದನ್ನೇ ಸ್ವೀಕರಿಸುವವರು ಕಡಿಮೆಯೇನಲ್ಲ. ಪ್ಯಾಕಿನ ಒಟ್ಟು ಬೆಲೆಯಲ್ಲಿ ಕನೆಕ್ಟರಿನ ಪಾಲು ಅತ್ಯಲ್ಪ. ಆದರೂ ದಾಸ್ತಾನಿನಲ್ಲಿ ಎಷ್ಟು ಬಂಡವಾಳ ಸಿಲುಕುತ್ತದೆ, ಮಾರಾಟದ ನಂತರ ಅಂಗಡಿಯ ಮೇಲೆ ಎಂತಹ ಹೊಣೆ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಕಿರು ಬಿಡಿಭಾಗವೇ.

ಬಳಕೆಯಲ್ಲಿರುವ ಬಗೆಗಳು

ಜಪಾನಿನ ತಮಿಯಾ ಸಂಸ್ಥೆಯು 1976ರಲ್ಲಿ ಪೋರ್ಷೆ 934 ಮಾದರಿಯೊಂದಿಗೆ ರೇಡಿಯೋ ನಿಯಂತ್ರಿತ ಕಾರುಗಳ ಕ್ಷೇತ್ರವನ್ನು ಪ್ರವೇಶಿಸಿತು. ಆ ಸಂಸ್ಥೆಯ ಹೆಸರಿನಿಂದಲೇ ಕರೆಯಲಾಗುವ ಬಿಳಿ ನೈಲಾನ್ ಕನೆಕ್ಟರ್, 7.2 ವೋಲ್ಟಿನ ನಿಕಲ್ ಬ್ಯಾಟರಿಗಳ ಕಾಲಕ್ಕೆ ತಕ್ಕುದಾಗಿತ್ತು. ಸುಮಾರು 15 ಆಂಪಿಯರ್‌ವರೆಗಿನ ವಿದ್ಯುತ್ ಪ್ರವಾಹಕ್ಕೆ ಅದು ಹೊಂದುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿ ಹಾಗೂ ಬ್ರಷ್‌ರಹಿತ ಮೋಟಾರುಗಳು ಬಂದ ಮೇಲೆ ಪ್ರವಾಹ ಅಧಿಕವಾಯಿತು. ಹೊಸ ಕನೆಕ್ಟರುಗಳು ಅನಿವಾರ್ಯವಾದವು. ಅಮೆರಿಕದ ಡೀನ್ಸ್ ಸಂಸ್ಥೆಯ ಚಪ್ಪಟೆ ಪಟ್ಟಿಗಳ ಅಲ್ಟ್ರಾ ಪ್ಲಗ್, ನೀಲಿ ಬಣ್ಣದ ಇಸಿ 3 ಮತ್ತು ಇಸಿ 5, ಟ್ರಾಕ್ಸಸ್ ಸಂಸ್ಥೆಯ ಸ್ವಂತ ಆಕಾರದ ಕನೆಕ್ಟರ್, ಚೀನಾದ ಅಮಾಸ್ ಸಂಸ್ಥೆಯ ಹಳದಿ ಬಣ್ಣದ ಎಕ್ಸ್‌ಟಿ ಸರಣಿ ಇವುಗಳಲ್ಲಿ ಪ್ರಮುಖವಾದವು. ಒಂದು ಕುಟುಂಬದ ಕನೆಕ್ಟರ್ ಮತ್ತೊಂದಕ್ಕೆ ಹೊಂದುವುದಿಲ್ಲ ಎಂಬುದೇ ವರ್ತಕರ ಸಮಸ್ಯೆಯ ಮೂಲ.

ಹೆಸರಿನಲ್ಲಿರುವ ಅಂಕಿ

ಎಕ್ಸ್‌ಟಿ 60 ಎಂದರೆ 60 ಆಂಪಿಯರ್ ಪ್ರವಾಹವನ್ನು ನಿರಂತರವಾಗಿ ತಡೆಯಬಲ್ಲದು ಎಂಬ ನಂಬಿಕೆ ವ್ಯಾಪಕವಾಗಿದೆ. ತಯಾರಕರ ವಿವರಣಾ ಪತ್ರದ ಪ್ರಕಾರ ಅದರ ಸತತ ಸಾಮರ್ಥ್ಯ 30 ಆಂಪಿಯರ್. 60 ಎಂಬುದು ಕ್ಷಣಿಕ ಮಿತಿ. ಅದೇ ರೀತಿ ಎಕ್ಸ್‌ಟಿ 30ರ ಸತತ ಸಾಮರ್ಥ್ಯ 15 ಆಂಪಿಯರ್, ಎಕ್ಸ್‌ಟಿ 90ರದು 45 ಆಂಪಿಯರ್. ಹೆಸರಿನ ಅಂಕಿಯನ್ನು ಅರ್ಧಕ್ಕೆ ಇಳಿಸಿ ಓದುವುದು ವಿವೇಕ.

ವಾಹನಕ್ಕೆ ಬೇಕಾದ ಪ್ರವಾಹವನ್ನು ಅಂದಾಜು ಮಾಡಲು ದುಬಾರಿ ಉಪಕರಣ ಬೇಕಿಲ್ಲ. 5000 ಮಿಲಿಆಂಪಿಯರ್-ಗಂಟೆಯ ಪ್ಯಾಕ್ 15 ನಿಮಿಷಗಳಲ್ಲಿ ಬರಿದಾದರೆ ಸರಾಸರಿ ಪ್ರವಾಹ 20 ಆಂಪಿಯರ್. 10 ನಿಮಿಷಗಳಲ್ಲಿ ಬರಿದಾದರೆ 30 ಆಂಪಿಯರ್. ಪ್ಯಾಕಿನ ಮೇಲೆ ಮುದ್ರಿಸಿರುವ 50ಸಿ ಎಂಬಂತಹ ಅಂಕಿಯು ಬ್ಯಾಟರಿ ಎಷ್ಟು ಕೊಡಬಲ್ಲದು ಎಂಬುದರ ಘೋಷಣೆಯೇ ಹೊರತು, ವಾಹನ ಎಷ್ಟು ಸೆಳೆಯುತ್ತದೆ ಎಂಬುದರ ಅಳತೆಯಲ್ಲ.

ಸಾಮಾನ್ಯವಾಗಿ ಪುಟ್ಟ ವಾಹನಗಳಿಗೆ ಎಕ್ಸ್‌ಟಿ 30, ಹತ್ತನೆಯ ಒಂದರಷ್ಟು ಗಾತ್ರದ, ಎರಡು ಅಥವಾ ಮೂರು ಕೋಶಗಳ ಪ್ಯಾಕ್ ಬಳಸುವ ಕಾರುಗಳಿಗೆ ಎಕ್ಸ್‌ಟಿ 60 ಅಥವಾ ಇಸಿ 3, ಎಂಟನೆಯ ಒಂದರಷ್ಟು ಗಾತ್ರದ ಹೆಚ್ಚು ಕೋಶಗಳ ವಾಹನಗಳಿಗೆ ಎಕ್ಸ್‌ಟಿ 90 ಅಥವಾ ಇಸಿ 5 ಸೂಕ್ತ. ಆರು ಕೋಶಗಳ ಪ್ಯಾಕುಗಳಲ್ಲಿ ಜೋಡಿಸುವಾಗ ಕಿಡಿ ಹಾರುವುದನ್ನು ತಡೆಯಲು ಒಳಗೇ ರೋಧಕ ಅಳವಡಿಸಿದ ಎಕ್ಸ್‌ಟಿ 90-ಎಸ್ ದೊರೆಯುತ್ತದೆ.

ಉಳಿತಾಯವೆಂಬ ಭ್ರಮೆ

ಗುಣಮಟ್ಟದ ಕನೆಕ್ಟರಿನ ಸಂಪರ್ಕ ರೋಧವು 1 ಮಿಲಿಓಮ್ ಇದೆಯೆಂದು ಭಾವಿಸೋಣ. 30 ಆಂಪಿಯರ್ ಹರಿದಾಗ ಅಲ್ಲಿ ಉಂಟಾಗುವ ಶಾಖ 0.9 ವ್ಯಾಟ್ ಮಾತ್ರ. ಸವೆದ ಅಥವಾ ಕಳಪೆ ಕನೆಕ್ಟರಿನಲ್ಲಿ ರೋಧವು 10 ಮಿಲಿಓಮ್‌ಗೆ ಏರಿದರೆ ಶಾಖ 9 ವ್ಯಾಟ್ ಆಗುತ್ತದೆ. ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಕವಚ ಇದನ್ನು ಬಹುಕಾಲ ತಾಳದು. ಕವಚ ಮೆದುವಾಗಿ ಪಿನ್ನು ಸರಿದರೆ ಶಾರ್ಟ್ ಸರ್ಕ್ಯೂಟ್, ಅದರ ಹಿಂದೆಯೇ ಬೆಂಕಿ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ಕೆಲವು ರೂಪಾಯಿ ಉಳಿಸಲು ಇದು ತಕ್ಕ ಸ್ಥಳವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಬಿಡಿಯಾಗಿ ಕೊಳ್ಳುವಾಗ ಕವಚದ ಮೇಲೆ ತಯಾರಕರ ಹೆಸರು ಅಚ್ಚಾಗಿದೆಯೇ, ಪಿನ್ನು ಬಿಗಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಬೇಕು.

ದಾಸ್ತಾನಿನ ಲೆಕ್ಕ

ನಾಲ್ಕು ಬಗೆಯ ಪ್ಯಾಕುಗಳನ್ನು ಐದು ಬಗೆಯ ಕನೆಕ್ಟರುಗಳೊಂದಿಗೆ ಇಟ್ಟ ಅಂಗಡಿಯಲ್ಲಿ 20 ವಿಧದ ಸರಕು ಇರಬೇಕಾಗುತ್ತದೆ. ಕನೆಕ್ಟರುಗಳನ್ನು ಎರಡಕ್ಕೆ ಇಳಿಸಿದರೆ ಸರಕು 8 ವಿಧಕ್ಕೆ ಇಳಿಯುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿ ಕಬ್ಬಿಣದ ಸಾಮಾನಿನಂತೆ ವರ್ಷಗಟ್ಟಲೆ ಕಾಯುವ ಸರಕಲ್ಲ. ಪ್ರತಿ ಕೋಶವನ್ನು ಸುಮಾರು 3.8 ವೋಲ್ಟಿನಲ್ಲಿ ಕಾಪಾಡದೆ, ಪೂರ್ಣ ತುಂಬಿಸಿ ಅಥವಾ ಬರಿದಾಗಿ ಇಟ್ಟರೆ ಅದು ಕಪಾಟಿನಲ್ಲಿಯೇ ಸತ್ವ ಕಳೆದುಕೊಳ್ಳುತ್ತದೆ. ಕನೆಕ್ಟರ್ ಹೊಂದದ ಕಾರಣ ಮಾರಾಟವಾಗದೆ ಉಳಿದ ಪ್ಯಾಕನ್ನು ವರ್ಷಾಂತ್ಯದಲ್ಲಿ ಖರೀದಿ ಬೆಲೆಗೇ ತೋರಿಸುವುದು ಸರಿಯಲ್ಲ. ಖರೀದಿ ಬೆಲೆ ಹಾಗೂ ನಿವ್ವಳ ವಸೂಲಿ ಮೌಲ್ಯ ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಪತ್ರ ಮಾನದಂಡ 2 ಒಪ್ಪುತ್ತದೆ. ಕಾಗದದ ಮೇಲಿನ ಲಾಭ ಅಲ್ಲಿಯೇ ಕರಗುತ್ತದೆ.

ಕಾನೂನಿನ ಹೊಣೆ

ಗ್ರಾಹಕರ ಕೋರಿಕೆಯಂತೆ ಮೂಲ ಕನೆಕ್ಟರನ್ನು ಕತ್ತರಿಸಿ ಬೇರೊಂದನ್ನು ಬೆಸೆದುಕೊಡುವುದು ಅಂಗಡಿಗಳಲ್ಲಿ ನಡೆಯುವ ಸೇವೆ. ಇಲ್ಲಿ ಜಾಗ್ರತೆ ಅಗತ್ಯ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ 86ನೆಯ ಪ್ರಕರಣದ ಮೇರೆಗೆ, ಮಾರಾಟಗಾರನು ವಸ್ತುವನ್ನು ಮಾರ್ಪಡಿಸಿದ್ದು, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾಗಿದ್ದರೆ ಅವನೇ ಹೊಣೆಗಾರ. ತಯಾರಕರು ಯಾರೆಂದು ತಿಳಿಯದ ಸರಕನ್ನು ಮಾರಿದರೂ, ಜೋಡಣೆ ಮತ್ತು ಪರಿಶೀಲನೆಯಲ್ಲಿ ತಕ್ಕ ಎಚ್ಚರ ವಹಿಸದಿದ್ದರೂ ಹೊಣೆ ತಪ್ಪುವುದಿಲ್ಲ. ಹೆಸರಿಲ್ಲದ ಪ್ಯಾಕಿಗೆ ಹೆಸರಿಲ್ಲದ ಕನೆಕ್ಟರ್ ಬೆಸೆದು, ರಸೀದಿಯಿಲ್ಲದೆ ಕೊಡುವ ವರ್ತಕರು ಈ ಮೂರೂ ದಿಕ್ಕಿನಿಂದ ಸಿಲುಕುವ ಸಂಭವವಿದೆ.

ಪಾಲಿಸಬೇಕಾದ ಕ್ರಮಗಳು

1. ಬ್ಯಾಟರಿಯ ಬದಿಗೆ ಯಾವಾಗಲೂ ಲೋಹ ಹೊರಗೆ ಕಾಣದ, ಗುಳಿಯಂತಿರುವ ಹೆಣ್ಣು ಕನೆಕ್ಟರನ್ನೇ ಹಾಕಬೇಕು.

2. ಬೆಸೆಯುವಾಗ ಎರಡೂ ತಂತಿಗಳನ್ನು ಒಮ್ಮೆಲೇ ಕತ್ತರಿಸಬಾರದು. ಒಂದನ್ನು ಮುಗಿಸಿ, ಕುಗ್ಗುವ ಕೊಳವೆಯಿಂದ ಮುಚ್ಚಿದ ನಂತರವೇ ಇನ್ನೊಂದನ್ನು ಮುಟ್ಟಬೇಕು.

3. ಪಿನ್ನು ಸರಿಯದಂತೆ, ಬ್ಯಾಟರಿಗಾಗಲಿ ವಾಹನಕ್ಕಾಗಲಿ ಸೇರಿಸದ ಬಿಡಿ ಜೊತೆ ಕನೆಕ್ಟರನ್ನು ಸಿಕ್ಕಿಸಿಟ್ಟು ಬೆಸೆಯಬೇಕು.

4. ಅಡಾಪ್ಟರ್ ತಾತ್ಕಾಲಿಕ ಪರಿಹಾರ ಮಾತ್ರ. ಅದು ಇನ್ನೊಂದು ಜೋಡಿ ಸಂಪರ್ಕವನ್ನೂ, ಅದರೊಂದಿಗೆ ಶಾಖವನ್ನೂ ಸೇರಿಸುತ್ತದೆ.

5. ಬದಲಿಸಿದ ಕನೆಕ್ಟರಿನ ಹೆಸರು, ಸತತ ಸಾಮರ್ಥ್ಯ ಮತ್ತು ದಿನಾಂಕವನ್ನು ಬಿಲ್ಲಿನಲ್ಲಿ ನಮೂದಿಸಿ, ಎಚ್ಚರಿಕೆಯ ಸೂಚನೆಗಳನ್ನು ಲಿಖಿತವಾಗಿ ನೀಡಬೇಕು.

ಹೊಸದಾಗಿ ಈ ವ್ಯಾಪಾರಕ್ಕೆ ಇಳಿಯುವವರೂ, ಪ್ಯಾಕುಗಳನ್ನು ಜೋಡಿಸಿ ಮಾರುವ ಸಣ್ಣ ಉದ್ಯಮಿಗಳೂ ಮೊದಲ ಆರ್ಡರ್ ಕೊಡುವ ಮುನ್ನವೇ ತಮ್ಮ ಸಂಸ್ಥೆಗೆ ಒಂದು ಕನೆಕ್ಟರ್ ಕುಟುಂಬವನ್ನು ನಿಗದಿಪಡಿಸಿಕೊಳ್ಳುವುದು ಒಳಿತು. ಎಕ್ಸ್‌ಟಿ ಸರಣಿಯು ಡ್ರೋನ್ ಹಾಗೂ ವಿದ್ಯುತ್ ಸೈಕಲ್‌ಗಳ ಪ್ಯಾಕುಗಳಲ್ಲಿಯೂ ಬಳಕೆಯಲ್ಲಿರುವುದರಿಂದ, ಹವ್ಯಾಸದ ಮಾರುಕಟ್ಟೆ ಮಂದವಾದಾಗಲೂ ಆ ಬಿಡಿಭಾಗಗಳಿಗೆ ಬೇರೆ ಗಿರಾಕಿ ಇರುತ್ತಾರೆ. ತಮ್ಮದೇ ಆಕಾರದ ಕನೆಕ್ಟರ್ ಇರುವ ಕಂಪನಿಯ ವಾಹನಗಳನ್ನು ಹೆಚ್ಚಾಗಿ ಮಾರುವವರು ಆ ಕುಟುಂಬವನ್ನೇ ಉಳಿಸಿಕೊಂಡರೂ ತಪ್ಪಿಲ್ಲ. ಯಾವುದನ್ನು ಆರಿಸಿದರೂ ಲೆಕ್ಕ ಹಾಕಿ ಆರಿಸಬೇಕು, ಆರಿಸಿದ ಮೇಲೆ ಅದಕ್ಕೆ ಅಂಟಿಕೊಳ್ಳಬೇಕು.